ದಿನ ಗೊತ್ತುಮಾಡಿ ಏಳುವ ಸಭೆ



ನಾನು ಇಂದು ಮಾತಾಡಲು ಹೊರಟಿರುವುದು ಸಭೆಯನ್ನು ಮುಂದೂಡುವ ವಿಚಾರ. ಇದು ವಕೀಲರಿಗೂ ಶಾಸಕರಿಗೂ ಬಿಟ್ಟ ವಿಷಯವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಸಭೆ ಸೇರದ ಊರಿಲ್ಲ. ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆ, ವಾರ್ಡ್ ಸಭೆ, ಗ್ರಾಮಸಭೆ, ಹಾಲು ಉತ್ಪಾದಕರ ಸಂಘದ ವಾರ್ಷಿಕ ಮಹಾಸಭೆ, ಕೃಷಿ ಪತ್ತಿನ ಸಂಘದ ಆಡಳಿತ ಮಂಡಳಿ, ಶಾಲೆಯ ಎಸ್‌ಡಿಎಂಸಿ, ದೇವಸ್ಥಾನದ ಸಮಿತಿ, ಹೀಗೆ ವರ್ಷವಿಡೀ ಜನ ಕೂಡುತ್ತಲೇ ಇರುತ್ತಾರೆ. ಕೂಡಿದ ಸಭೆಗಳಲ್ಲಿ ಎಷ್ಟೋ ಅರ್ಧಕ್ಕೆ ನಿಲ್ಲುತ್ತವೆ. ನಿಂತ ಸಭೆಯ ಗತಿಯೇನು? ಅದು ಮುಗಿದುಹೋಯಿತೇ, ಇನ್ನೂ ಬಾಕಿ ಇದೆಯೇ? ಬಾಕಿ ಇದ್ದರೆ ಮತ್ತೆ ಕೂಡಿಸುವ ಹೊಣೆ ಯಾರದು? ಈ ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲದವನಿಗೆ ಸಭೆಯಲ್ಲಿ ಕೂರುವ ಹಕ್ಕು ಇದ್ದೂ ಅರ್ಧದಷ್ಟೇ ದಕ್ಕುತ್ತದೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಸಭೆಯನ್ನು ನಿಲ್ಲಿಸುವ ಅಧಿಕಾರ ಮೂಲತಃ ಸಭೆಗೆ ಸೇರಿದ್ದು. ಪೀಠದಲ್ಲಿ ಕೂತವರು ಅದನ್ನು ಸಭೆಯ ಪರವಾಗಿ ಚಲಾಯಿಸುತ್ತಾರೆ ಅಷ್ಟೆ. ಮತ್ತೆ ಕೂಡುವ ದಿನವನ್ನು ಹೇಳದೆ ಏಳುವುದು, ತೀರ ಅನಿವಾರ್ಯವಾದ ಸಂದರ್ಭ ಬಿಟ್ಟರೆ, ಕೂಡಿದವರಿಗೆ ಮಾಡುವ ಅನ್ಯಾಯ.

ಈ ಕ್ರಿಯೆಗೆ ನಮ್ಮ ಜನ ಬಳಸುವ ಮಾತುಗಳನ್ನು ಮೊದಲು ನೋಡೋಣ. ಪತ್ರಿಕೆಯವರು 'ಮುಂದೂಡಲಾಯಿತು' ಎನ್ನುತ್ತಾರೆ. ಊರ ಕಡೆ 'ಮೀಟಿಂಗ್ ಮುಂದಕ್ಕೆ ಹಾಕಿದ್ರು' ಎನ್ನುತ್ತಾರೆ. ಕಡತದಲ್ಲಿ 'ಸಭೆಯನ್ನು ಮುಕ್ತಾಯಗೊಳಿಸಲಾಯಿತು' ಎಂದೂ ಬರುತ್ತದೆ, ಹಳಬರ ಬಾಯಲ್ಲಿ 'ಸಭೆ ಬರಖಾಸ್ತಾಯಿತು' ಎಂದೂ ಬರುತ್ತದೆ. ಬರಖಾಸ್ತು ಪಾರಸಿಯಿಂದ ಬಂದದ್ದು, ಎದ್ದುಹೋಗುವುದು ಎಂದು ಅದರ ಅರ್ಥ. ಮರಾಠಿಯಲ್ಲಿ ಇಂದಿಗೂ ಸಭೆ 'ತಹಕೂಬ್' ಆಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕಿರುವ ಅಡ್ಜರ್ನ್ ಎಂಬ ಮಾತು ಹಳೆಯ ಫ್ರೆಂಚಿನಿಂದ ಬಂದದ್ದು. ಅದರ ಹೊಟ್ಟೆಯಲ್ಲಿ 'ದಿನ' ಇದೆ. ಇಂಥ ದಿನ ಹಾಜರಾಗು ಎಂದು ಗೊತ್ತುಮಾಡುವುದೇ ಅದರ ಮೊದಲ ಅರ್ಥ. ನಿಲ್ಲಿಸುವುದು, ಬಿಟ್ಟುಬಿಡುವುದು ಎಂಬ ಅರ್ಥಗಳು ಆಮೇಲೆ ಸೇರಿಕೊಂಡವು.

ಕನ್ನಡದ 'ಮುಂದೂಡು' ಎಂಬುದರಲ್ಲಿ ದಿನ ಇಲ್ಲ. ಮುಂದಕ್ಕೆ ದೂಡುವುದು ಇದೆ. ಎಲ್ಲಿಗೆ ದೂಡಿದೆವು, ಎಷ್ಟು ದೂರ ದೂಡಿದೆವು ಎಂಬುದನ್ನು ಆ ಮಾತು ಹೇಳುವುದಿಲ್ಲ. ಆದರೆ ದಿನವನ್ನು ಒಳಗಿಟ್ಟುಕೊಂಡ ಮಾತು ಕನ್ನಡಕ್ಕೆ ಇಲ್ಲವೆನ್ನಬೇಡಿ. ನಮ್ಮ ತಾಲ್ಲೂಕು ಕೋರ್ಟುಗಳ ಆವರಣದಲ್ಲಿ ಅಕ್ಷರ ಬಾರದ ರೈತನೂ ಆಡುವ ಮಾತು ಅದು: ವಾಯಿದೆ. 'ನಮ್ಮ ಕೇಸಿಗೆ ಹನ್ನೆರಡಕ್ಕೆ ವಾಯಿದೆ ಹಾಕವ್ರೆ' ಎಂದಾಗ ಕೇಸು ನಿಂತಿತು ಎಂಬುದಕ್ಕಿಂತ ಹನ್ನೆರಡನೇ ತಾರೀಕು ಮುಖ್ಯವಾಗುತ್ತದೆ. ಅರಬ್ಬಿಯಲ್ಲಿ ಈ ಮಾತಿನ ಮೂಲಕ್ಕೆ 'ಕೊಟ್ಟ ಮಾತು' ಎಂಬ ಅರ್ಥವಿದೆ. ಕೋರ್ಟಿನ ವಾಯಿದೆಗಳಿಂದ ಜನ ಬೇಸತ್ತಿರುವುದು ನಿಜ. ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶಕ್ಕೆ ತಿದ್ದುಪಡಿ ತಂದು, ದಾವೆಯ ವಿಚಾರಣೆಯಲ್ಲಿ ಒಬ್ಬ ಪಕ್ಷಗಾರನಿಗೆ ಮೂರಕ್ಕಿಂತ ಹೆಚ್ಚು ಸಲ ವಾಯಿದೆ ಕೊಡಬಾರದೆಂದು ಹೇಳಬೇಕಾಗಿ ಬಂದದ್ದೂ ಅದಕ್ಕೇ. ಆದರೂ ಕೋರ್ಟು ದಿನಾಂಕ ಹೇಳದೆ ಏಳುವುದು ಅಪರೂಪ. ನ್ಯಾಯಾಲಯ ಉಳಿಸಿಕೊಂಡ ಈ ಶಿಸ್ತನ್ನು ನಮ್ಮ ಸಭೆಗಳು ಕಳೆದುಕೊಂಡಿವೆ ಎಂಬುದು ನನ್ನ ಕೊರಗು.

ಒಂದೇ ಕ್ರಿಯಾಪದದಲ್ಲಿ ನಾವು ಬೇರೆಬೇರೆ ಸಂಗತಿಗಳನ್ನು ಕಟ್ಟಿಹಾಕಿದ್ದೇವೆ. ಹತ್ತನೇ ತಾರೀಕು ಸಭೆ ಎಂದು ತಿಳಿವಳಿಕೆ ಪತ್ರ ಕೊಟ್ಟು, ಎಂಟನೇ ತಾರೀಕು 'ಹತ್ತಕ್ಕೆ ಬೇಡ, ಇಪ್ಪತ್ತಕ್ಕೆ ಮಾಡೋಣ' ಎಂದರೆ ಅದು ಮುಂದೂಡಿಕೆ. ಹತ್ತನೇ ತಾರೀಕು ಸಭೆ ಕೂತು, ಎಂಟು ವಿಷಯಗಳಲ್ಲಿ ಮೂರು ಮುಗಿದು, ಉಳಿದ ಐದಕ್ಕೆ ಇಪ್ಪತ್ತರಂದು ಕೂರೋಣ ಎಂದು ಎದ್ದರೆ ಅದೂ ಮುಂದೂಡಿಕೆ. ಗದ್ದಲವಾಯಿತೆಂದು ಹತ್ತು ನಿಮಿಷ ಬಿಟ್ಟರೆ, ಊಟಕ್ಕೆ ಬಿಟ್ಟರೆ ಅದನ್ನೂ ಹಾಗೇ ಬರೆಯುತ್ತೇವೆ. ಯಾವ ದಿನವನ್ನೂ ಹೇಳದೆ ಎದ್ದುಹೋದರೆ 'ಅನಿರ್ದಿಷ್ಟಾವಧಿಗೆ ಮುಂದೂಡಿಕೆ'. ಮೊದಲನೆಯದರಲ್ಲಿ ಸಭೆ ಇನ್ನೂ ಹುಟ್ಟಿಲ್ಲ. ಎರಡನೆಯದರಲ್ಲಿ ಸಭೆ ಹುಟ್ಟಿ ಬದುಕಿದೆ. ಈ ವ್ಯತ್ಯಾಸದ ಮೇಲೆ ನಾಗರಿಕನ ಹಕ್ಕು ನಿಂತಿದೆ.

ಬದುಕಿರುವ ಸಭೆ ಎಂದರೇನು? ಸಭಾ ನಿಯಮಗಳ ಶಾಸ್ತ್ರದಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1851ರಲ್ಲಿ ಸ್ಕ್ಯಾಡಿಂಗ್ ಮತ್ತು ಲೋರಾಂಟ್ ನಡುವಿನ ವ್ಯಾಜ್ಯದಲ್ಲಿ ಕೊಟ್ಟ ತೀರ್ಮಾನ ಇಂದಿಗೂ ಆಧಾರ. ಮುಂದುವರಿದ ಸಭೆ ಬೇರೆ ಸಭೆಯಲ್ಲ, ಮೊದಲ ಸಭೆಯದೇ ಮುಂದಿನ ಭಾಗ ಎಂಬುದು ಅದರ ಸಾರ. ಇದರಿಂದ ಮೂರು ಮಾತು ಹೊರಡುತ್ತವೆ. ಮೊದಲ ದಿನದ ಕಾರ್ಯಸೂಚಿಯೇ ಎರಡನೇ ದಿನಕ್ಕೂ ಕಾರ್ಯಸೂಚಿ. ಅದರಲ್ಲಿಲ್ಲದ ಹೊಸ ವಿಷಯವನ್ನು ನಡುವೆ ತೂರಿಸುವಂತಿಲ್ಲ. ಮೊದಲ ದಿನ ಆದ ನಿರ್ಣಯ ಎರಡನೇ ದಿನ ಬಂದವರ ಸಂಖ್ಯಾಬಲದಿಂದ ಸುಮ್ಮನೆ ಅಳಿಸಿಹೋಗುವುದಿಲ್ಲ. ಹಾಗೆಂದು ಎರಡನೇ ದಿನ ಆದ ನಿರ್ಣಯಕ್ಕೆ ಮೊದಲ ದಿನದ ತಾರೀಕು ಹಾಕುವಂತೆಯೂ ಇಲ್ಲ. ನಮ್ಮ 2013ರ ಕಂಪನಿ ಕಾಯ್ದೆಯ 116ನೇ ಕಲಮು ಈ ಕೊನೆಯ ಮಾತನ್ನು ನೇರವಾಗಿಯೇ ಹೇಳುತ್ತದೆ: ಮುಂದುವರಿದ ಸಭೆಯ ನಿರ್ಣಯ ಅದು ನಿಜವಾಗಿ ಅಂಗೀಕಾರವಾದ ದಿನದ್ದೇ ಹೊರತು ಅದಕ್ಕೆ ಹಿಂದಿನ ದಿನದ್ದಲ್ಲ. ಕಂಪನಿಗಳಿಗೆ ಹೇಳಿದ ಈ ವಿವೇಕ ಹಾಲಿನ ಡೇರಿಗೂ ಒಪ್ಪುವಂಥದ್ದೇ.

ಈಗ ನಡವಳಿ ಪುಸ್ತಕಕ್ಕೆ ಬರೋಣ. ಯಾವುದೇ ಒಂದು ಸಂಸ್ಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿಲ್ಲ. ಎಲ್ಲ ಕಡೆಯೂ ಪುಟ ಹೆಚ್ಚುಕಡಿಮೆ ಒಂದೇ ಥರ. ದಪ್ಪ ರಟ್ಟಿನ ಉದ್ದ ಪುಸ್ತಕ. ಮೇಲೆ ದಿನಾಂಕ, ಅಧ್ಯಕ್ಷತೆ ಯಾರದು ಎಂಬ ಸಾಲು. ಹಾಜರಿದ್ದವರ ಹೆಸರು, ಎದುರಿಗೆ ರುಜು, ಅಲ್ಲೊಂದು ಇಲ್ಲೊಂದು ಹೆಬ್ಬೆಟ್ಟು. ಅದರ ಕೆಳಗೆ ಒಂದು ವಾಕ್ಯ: ಕೋರಂ ಇಲ್ಲದ ಕಾರಣ ಸಭೆಯನ್ನು ಮುಂದೂಡಲಾಯಿತು. ಅಲ್ಲಿಗೆ ಪುಟ ಮುಗಿಯಿತು. ಎಷ್ಟು ಹೊತ್ತಿಗೆ ಲೆಕ್ಕ ಹಾಕಿದರು, ಎಷ್ಟು ಜನ ಕಡಿಮೆಯಿದ್ದರು, ಮುಂದೂಡೋಣ ಎಂದವರು ಯಾರು, ಬೇಡವೆಂದವರು ಇದ್ದರೇ, ಮತ್ತೆ ಯಾವತ್ತು, ಎಷ್ಟು ಹೊತ್ತಿಗೆ, ಎಲ್ಲಿ? ಒಂದಕ್ಕೂ ಉತ್ತರವಿಲ್ಲ. ಮುಂದಿನ ಪುಟದಲ್ಲಿ ಎರಡು ತಿಂಗಳ ನಂತರದ ಇನ್ನೊಂದು ಸಭೆ, ಇನ್ನೊಂದು ಕಾರ್ಯಸೂಚಿ. ಹಳೆಯ ಕಾರ್ಯಸೂಚಿಯಲ್ಲಿ ಚರಂಡಿಯದೋ ಬೋರ್‌ವೆಲ್ಲಿನದೋ ಒಂದು ಅರ್ಜಿ ಇದ್ದಿರುತ್ತದೆ. ಅದು ತಿರಸ್ಕಾರವೂ ಆಗಲಿಲ್ಲ, ಮಂಜೂರೂ ಆಗಲಿಲ್ಲ. ತಿರಸ್ಕಾರವಾಗಿದ್ದರೆ ಅರ್ಜಿದಾರ ಮೇಲ್ಮನವಿಗೆ ಹೋಗಬಹುದಿತ್ತು. ಈಗ ಅವನ ಕೈಯಲ್ಲಿ ಏನೂ ಇಲ್ಲ. ದಿನವಿಲ್ಲದ ಮುಂದೂಡಿಕೆಯ ನಿಜವಾದ ಪೆಟ್ಟು ಬೀಳುವುದು ಇಂಥವನಿಗೆ.

ಹಳೆಯ ಕಾಲದಲ್ಲಿ ಹೀಗಿರಲಿಲ್ಲ ಎಂದು ಹೇಳಿ ಸಮಾಧಾನಪಟ್ಟುಕೊಳ್ಳುವುದು ಸುಲಭ. ಅದಕ್ಕೆ ಆಧಾರ ಕಾಣೆ. ಬಿ.ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ಕಡೂರು ಜಿಲ್ಲೆಯ ಶಾಸನ ಸಂಪುಟ ನಮ್ಮ ಸೀಮೆಯ ಮಹಾಜನರು, ಗೌಡರು, ಸೆಟ್ಟಿಗಳು ಕೂಡಿ ಕೈಗೊಂಡ ತೀರ್ಮಾನಗಳನ್ನು ಕಾಪಾಡಿಕೊಟ್ಟಿದೆ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಎರಡನೇ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ದೇಗುಲಕ್ಕೆ ಕವಿ ಜನ್ನನೇ ಶಾಸನ ಬರೆದುಕೊಟ್ಟ. ಕಲ್ಲಿನಲ್ಲಿ ಉಳಿಯುವುದು ಕೊಟ್ಟ ದತ್ತಿ, ಹಾಕಿದ ಎಲ್ಲೆ, ಮುರಿದವರಿಗೆ ಶಾಪ. ಕೂಡಿದ ಜನ ಒಪ್ಪದೆ ಎದ್ದ ದಿನಗಳನ್ನು ಯಾರೂ ಕಲ್ಲಿನಲ್ಲಿ ಕೊರೆಸುವುದಿಲ್ಲ. ಅರಳಿಕಟ್ಟೆಯ ಪಂಚಾಯಿತಿಗಂತೂ ಪುಸ್ತಕವೇ ಇರಲಿಲ್ಲ. 'ನಾಳೆ ಹೊತ್ತಾರೆ ಮತ್ತೆ ಸೇರನ' ಎಂದದ್ದು ಹತ್ತು ಜನರ ನೆನಪಿನಲ್ಲಿ ಉಳಿಯುತ್ತಿತ್ತು. ಸಭೆ ನಿಂತದ್ದನ್ನೂ ಬರೆದಿಡಬೇಕು, ಅದೂ ಒಂದು ತೀರ್ಮಾನವೇ ಎಂಬ ತಿಳಿವಳಿಕೆ ನಮಗೆ ಆಧುನಿಕ ಪ್ರಾತಿನಿಧಿಕ ಸಂಸ್ಥೆಗಳಿಂದ ಬಂದದ್ದು.

ಆ ಸಂಸ್ಥೆಗಳಲ್ಲಿ ನಮ್ಮ ಪಾಲಿಗೆ ಮೊದಲನೆಯದು ಮೈಸೂರು ಪ್ರಜಾಪ್ರತಿನಿಧಿ ಸಭೆ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು, ದಸರೆಯ ಸಮಯಕ್ಕೆ 144 ಪ್ರತಿನಿಧಿಗಳು ಮೈಸೂರಿನಲ್ಲಿ ಸೇರಿದರು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಎಂದೇ ಹೆಸರು. 1947ರವರೆಗೂ ಆ ಹೆಸರೇ ಇತ್ತು. ಆ ಸಭೆ ಅಹವಾಲು ಹೇಳಿಕೊಳ್ಳುವ ಸಭೆಯಾಗಿತ್ತು. ದಿವಾನರೇ ಅಧ್ಯಕ್ಷರು. ಸಭೆ ಯಾವಾಗ ಕೂಡಬೇಕು, ಯಾವಾಗ ಏಳಬೇಕು ಎಂಬುದು ಅವರ ಕೈಯಲ್ಲಿತ್ತು. 1923ರ ಶಾಸನದಿಂದ ಅದಕ್ಕೆ ಕಾನೂನಿನ ತಳಹದಿ ಸಿಕ್ಕಿತು, ನಿರ್ಣಯ ಮಂಡಿಸುವ ಹಕ್ಕೂ ಬಂತು. ಸಭೆಯ ಹೊತ್ತು ಆಳುವವರ ಕೈಯಿಂದ ಸಭೆಯ ಕೈಗೆ ದಾಟುವುದು ಪ್ರಜಾಪ್ರಭುತ್ವದ ಚರಿತ್ರೆಯ ಒಂದು ಮುಖ್ಯ ಎಳೆ ಎಂದು ನಾನು ನಂಬಿದ್ದೇನೆ. ಮತದಾನದ ಹಕ್ಕಿನ ಬಗ್ಗೆ ನಾವು ಬರೆದಷ್ಟು ಅದರ ಬಗ್ಗೆ ಬರೆದಿಲ್ಲ.

ಹಾಗಾದರೆ ಕಾನೂನಿನಂತೆ ಸಭೆಯನ್ನು ನಿಲ್ಲಿಸುವವರು ಯಾರು? ಎರಡು ಸಂದರ್ಭಗಳನ್ನು ಬೇರ್ಪಡಿಸಬೇಕು.

ಮೊದಲನೆಯದು ಕೋರಂ ಇಲ್ಲದಿರುವುದು. ಇಲ್ಲಿ ನಿಲ್ಲಿಸುವುದು ಅಧ್ಯಕ್ಷರ ಇಷ್ಟವಲ್ಲ, ಕರ್ತವ್ಯ. ಸಂವಿಧಾನದ 189ನೇ ವಿಧಿ ರಾಜ್ಯ ಶಾಸಕಾಂಗಕ್ಕೆ ಹತ್ತು ಸದಸ್ಯರು ಅಥವಾ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಕೋರಂ ಎಂದು ಗೊತ್ತುಮಾಡಿದೆ. 224 ಸದಸ್ಯರ ನಮ್ಮ ವಿಧಾನಸಭೆಗೆ ಹತ್ತನೇ ಒಂದು ಭಾಗದ ಲೆಕ್ಕ, 75 ಸದಸ್ಯರ ವಿಧಾನ ಪರಿಷತ್ತಿಗೆ ಹತ್ತರ ಲೆಕ್ಕ. ಅಷ್ಟು ಜನ ಇಲ್ಲದಿದ್ದರೆ ಸದನವನ್ನು ಮುಂದೂಡಬೇಕು, ಇಲ್ಲವೆ ಅಷ್ಟು ಜನ ಬರುವವರೆಗೆ ಸಭೆಯನ್ನು ತಡೆಹಿಡಿಯಬೇಕು ಎಂದು ಅದೇ ವಿಧಿ ಹೇಳುತ್ತದೆ. ಸಂವಿಧಾನ ಬರೆದವರು ಮುಂದೂಡುವುದನ್ನೂ ತಡೆಹಿಡಿಯುವುದನ್ನೂ ಎರಡಾಗಿಯೇ ನೋಡಿದರು ಎಂಬುದನ್ನು ಗಮನಿಸಬೇಕು.

ಊರ ಮಟ್ಟದಲ್ಲಿ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಇದೆ. ಈಗ ಅದರ ಹೆಸರಿಗೆ ಗ್ರಾಮ ಸ್ವರಾಜ್ ಎಂಬುದೂ ಸೇರಿದೆ. ಗ್ರಾಮ ಪಂಚಾಯಿತಿಯ ಸಭೆಗೆ ಸದಸ್ಯರಲ್ಲಿ ಅರ್ಧದಷ್ಟು ಜನ ಬೇಕು. ಗ್ರಾಮಸಭೆಗೆ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು. ಬಂದವರಲ್ಲಿ ಶೇಕಡ 30ಕ್ಕೆ ಕಡಿಮೆಯಿಲ್ಲದಂತೆ ಹೆಂಗಸರಿರಬೇಕು. ಸಾವಿರಾರು ಮತದಾರರಿರುವ ಪಂಚಾಯಿತಿಯಲ್ಲಿ ನೂರು ಜನ ಸೇರುವುದು ದೊಡ್ಡ ಮಾತಲ್ಲ. ಹಾಗಿದ್ದೂ ಈರುಳ್ಳಿ ಕೀಳುವ ದಿನ, ಅಡಕೆ ಕೊಯ್ಲಿನ ದಿನ, ಸಂತೆಯ ದಿನ ಗ್ರಾಮಸಭೆ ಇಟ್ಟರೆ ನೂರು ಜನವೂ ಸೇರುವುದಿಲ್ಲ. ಅಜ್ಜಂಪುರದ ಕಡೆಯ ಈರುಳ್ಳಿ ಬೆಳೆಗಾರನಿಗೆ ಯಾವ ವಾರ ಪುರಸೊತ್ತಿಲ್ಲ ಎಂಬುದು ಪಂಚಾಯಿತಿಗೆ ಗೊತ್ತಿಲ್ಲದ ವಿಷಯವಲ್ಲ. ಕೋರಂ ಇಲ್ಲದಿರುವುದು ಬಹಳ ಸಲ ಜನರ ಉದಾಸೀನಕ್ಕಿಂತ ದಿನ ಗೊತ್ತುಮಾಡಿದವರ ಉದಾಸೀನವನ್ನು ತೋರಿಸುತ್ತದೆ.

ಕೋರಂ ವಿಷಯದಲ್ಲೇ ಇನ್ನೊಂದು ಮಾತು. ಸಂಘ ಸಂಸ್ಥೆಗಳ ಮಹಾಸಭೆಯ ಆಹ್ವಾನ ಪತ್ರಿಕೆಯ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಸೂಚನೆ ಇರುತ್ತದೆ. ಕೋರಂ ಆಗದಿದ್ದಲ್ಲಿ ಸಭೆಯನ್ನು ಅರ್ಧ ಗಂಟೆ ಮುಂದೂಡಿ ಅದೇ ಸ್ಥಳದಲ್ಲಿ ನಡೆಸಲಾಗುವುದು, ಆ ಸಭೆಗೆ ಕೋರಂ ಅಗತ್ಯವಿರುವುದಿಲ್ಲ ಎಂದು. ಬೈಲಾದಲ್ಲಿ ಅವಕಾಶವಿದ್ದರೆ ಇದು ಅಕ್ರಮವಲ್ಲ. ಆದರೆ ಇದರ ತಿರುಳನ್ನು ಯೋಚಿಸಿ. ಕೋರಂ ಆಗದ ಸಭೆಯನ್ನು ಮುಂದೂಡುವುದು ಬಾರದವರಿಗೆ ಬರಲು ಇನ್ನೊಂದು ಅವಕಾಶ ಕೊಡಲೆಂದು. ಕಂಪನಿ ಕಾಯ್ದೆಯ 103ನೇ ಕಲಮು ಇದೇ ಕಾರಣಕ್ಕೆ ಅರ್ಧ ಗಂಟೆ ಕಾದು, ಕೋರಂ ಆಗದಿದ್ದರೆ ಮುಂದಿನ ವಾರ ಅದೇ ದಿನ, ಅದೇ ವೇಳೆ, ಅದೇ ಜಾಗಕ್ಕೆ ಸಭೆ ಹೋಗುತ್ತದೆ ಎನ್ನುತ್ತದೆ. ಅಲ್ಲೂ ಕೋರಂ ಆಗದಿದ್ದರೆ ಮಾತ್ರ ಬಂದವರೇ ಕೋರಂ. ಒಂದು ವಾರದಲ್ಲಿ ಸುದ್ದಿ ಮುಟ್ಟುತ್ತದೆ, ಮನಸ್ಸು ಬದಲಾಗುತ್ತದೆ, ಬೀರೂರಿನಲ್ಲಿದ್ದವನು ಯಗಟಿಗೆ ಬರಬಹುದು. ಅರ್ಧ ಗಂಟೆಯಲ್ಲಿ ಯಾರು ಬರುತ್ತಾರೆ? ಆ ಅರ್ಧ ಗಂಟೆ ಚಹಾ ಕುಡಿಯುವುದಕ್ಕೆ ಸಾಕು. ಮುಂದೂಡಿಕೆಯ ಹೆಸರಿನಲ್ಲಿ ಇಲ್ಲಿ ಕೋರಂ ಎಂಬ ಕಟ್ಟುಪಾಡನ್ನೇ ತೆಗೆದುಹಾಕಲಾಗಿದೆ. ನಮ್ಮ ಸಂಘಗಳು ಈ ಸಾಲನ್ನು ಬೈಲಾದಿಂದ ತೆಗೆದು 'ಮುಂದಿನ ವಾರ' ಎಂದು ಬರೆದುಕೊಳ್ಳಬೇಕು.

ಎರಡನೆಯದು, ಕೋರಂ ಇದ್ದೂ ನಿಲ್ಲಿಸುವ ಸಂದರ್ಭ. ತಗಾದೆಯೆಲ್ಲ ಹುಟ್ಟುವುದು ಇಲ್ಲಿಯೇ. ಇಲ್ಲಿಗೆ ಇಂಗ್ಲೆಂಡಿನಲ್ಲಿ 1894ರಲ್ಲಿ ತೀರ್ಮಾನವಾದ ಸೈಕ್ಸ್ ಪ್ರಕರಣ ದಾರಿ ತೋರಿಸಿತು. ಕೆಲಸ ಬಾಕಿಯಿರುವಾಗ ಅಧ್ಯಕ್ಷ ತನ್ನ ಮರ್ಜಿಯಿಂದ ಸಭೆ ಮುಗಿಯಿತೆಂದು ಎದ್ದುಹೋದರೆ, ಉಳಿದವರು ಬೇರೊಬ್ಬ ಅಧ್ಯಕ್ಷರನ್ನು ಆರಿಸಿಕೊಂಡು ಸಭೆಯನ್ನು ಮುಂದುವರಿಸಬಹುದು ಎಂಬುದು ಅದರ ತತ್ತ್ವ. 1969ರಲ್ಲಿ ಅಲ್ಲಿಯ ನ್ಯಾಯಮೂರ್ತಿ ಮೆಗರಿ ಇದಕ್ಕೆ ಇನ್ನೊಂದು ಮುಖವನ್ನು ಸೇರಿಸಿದರು: ಸಭೆಯಲ್ಲಿ ಹೊಡೆದಾಟ, ಗೊಂದಲವಾದಾಗ ನಿಲ್ಲಿಸುವ ಅಧಿಕಾರ ಅಧ್ಯಕ್ಷರಿಗಿದೆ, ಆದರೆ ಶಾಂತಿ ಮರಳಲು ಬೇಕಾದಷ್ಟು ಹೊತ್ತಿಗೆ ಮಾತ್ರ, ಅದೂ ಒಳ್ಳೆಯ ಉದ್ದೇಶದಿಂದ. ಇವೆರಡನ್ನೂ ಜೋಡಿಸಿ ನೋಡಿದರೆ ನಿಯಮ ಸ್ಪಷ್ಟವಾಗುತ್ತದೆ. ಸಭೆ ನಡೆಯುವಂತೆ ಮಾಡಲು ಅಧ್ಯಕ್ಷರು ಅದನ್ನು ನಿಲ್ಲಿಸಬಹುದು. ನಡೆಯದಂತೆ ಮಾಡಲು ನಿಲ್ಲಿಸುವಂತಿಲ್ಲ.

ಶಾಸನಸಭೆಗಳಲ್ಲಿ ಸ್ಪೀಕರ್ ಅಥವಾ ಸಭಾಪತಿಯವರಿಗೆ ಇದಕ್ಕಿಂತ ಹೆಚ್ಚಿನ ಅಧಿಕಾರವಿದೆ, ಆದ್ದರಿಂದ ಹೆಚ್ಚಿನ ಅಪಾಯವೂ ಇದೆ. 1967ರ ನವೆಂಬರ್ 29ರಂದು ಪಶ್ಚಿಮ ಬಂಗಾಳದ ಸ್ಪೀಕರ್ ಬಿಜಯ್ ಬ್ಯಾನರ್ಜಿ, ಅಜಯ್ ಮುಖರ್ಜಿ ಸಂಪುಟವನ್ನು ರಾಜ್ಯಪಾಲರು ವಜಾ ಮಾಡಿದ್ದೇ ಸರಿಯಲ್ಲವೆಂದು ಹೇಳಿ, ಹೊಸ ಸರ್ಕಾರ ಸದನವನ್ನು ಎದುರಿಸುವ ಮುನ್ನವೇ ಅನಿರ್ದಿಷ್ಟಾವಧಿಗೆ ಮುಂದೂಡಿದರು. ಮರುವರ್ಷ ಮಾರ್ಚ್ 7ರಂದು ಪಂಜಾಬಿನ ಸ್ಪೀಕರ್ ಬಜೆಟ್ ಅಧಿವೇಶನದ ನಡುವೆಯೇ ಸದನವನ್ನು ಎರಡು ತಿಂಗಳು ಮುಂದೂಡಿದರು. ಮಾರ್ಚ್ 31ರೊಳಗೆ ಹಣಕಾಸಿಗೆ ಒಪ್ಪಿಗೆ ಸಿಗದಿದ್ದರೆ ರಾಜ್ಯದ ಬೊಕ್ಕಸ ಮುಚ್ಚಬೇಕು. ರಾಜ್ಯಪಾಲರು ಅಧಿವೇಶನವನ್ನು ಮುಕ್ತಾಯಗೊಳಿಸಿ, ಹಣಕಾಸಿನ ಕೆಲಸ ಮುಗಿಯುವವರೆಗೆ ಸದನವೇ ಒಪ್ಪಿಗೆ ಕೊಡದ ಹೊರತು ಮುಂದೂಡುವಂತಿಲ್ಲ ಎಂದು ಸುಗ್ರೀವಾಜ್ಞೆ ತಂದು, ಸದನವನ್ನು ಮತ್ತೆ ಕರೆದರು. ಸತ್ಯಪಾಲ್ ಡಾಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಕ್ರಮವನ್ನು ಎತ್ತಿಹಿಡಿಯಿತು. ಮುಂದೂಡುವ ಅಧಿಕಾರದ ಮೂಲ ಸದನದಲ್ಲಿದೆ ಎಂಬ ಮಾತಿಗೆ ಇದಕ್ಕಿಂತ ಗಟ್ಟಿಯಾದ ಉದಾಹರಣೆ ನಮ್ಮ ದೇಶದಲ್ಲಿ ನನಗೆ ಕಂಡಿಲ್ಲ.

ನಮ್ಮದೇ ರಾಜ್ಯದಲ್ಲಿ 2019ರ ಜುಲೈ 18ರಂದು ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ವಿಶ್ವಾಸಮತ ಯಾಚಿಸಿದರು. ಅಂದು ಮತಕ್ಕೆ ಹಾಕದೆ ಸದನ ಎದ್ದಿತು. ವಿರೋಧ ಪಕ್ಷದವರು ರಾತ್ರಿಯೆಲ್ಲ ಸದನದಲ್ಲೇ ಮಲಗಿದರು. ಮರುದಿನ ರಾಜ್ಯಪಾಲರ ಗಡುವುಗಳು ದಾಟಿದವು, ಸದನ ಸೋಮವಾರಕ್ಕೆ ಹೋಯಿತು. ಕೊನೆಗೆ 23ರಂದು ಮತ ಹಾಕಿದಾಗ 99ಕ್ಕೆ ಎದುರಾಗಿ 105. ಆ ದಿನಗಳಲ್ಲಿ ಸರಿ ಯಾರದು ತಪ್ಪು ಯಾರದು ಎಂಬುದು ನನ್ನ ಇಂದಿನ ವಿಷಯವಲ್ಲ. ಒಂದನ್ನು ಮಾತ್ರ ಗುರುತಿಸಬೇಕು: ಪ್ರತಿ ಸಲ ಎದ್ದಾಗಲೂ ಮತ್ತೆ ಕೂಡುವ ದಿನ ಗೊತ್ತಿತ್ತು. ಆದ್ದರಿಂದ ಎಷ್ಟೇ ಎಳೆದಾಡಿದರೂ ಪ್ರಶ್ನೆಗೆ ಉತ್ತರ ಸಿಕ್ಕಿತು.

ಅದರ ಮರುವರ್ಷದ ಘಟನೆ ನಮ್ಮ ಸೀಮೆಗೆ ಹತ್ತಿರದ್ದು, ಹೇಳಲು ನೋವಾಗುವಂಥದ್ದು. 2020ರ ಡಿಸೆಂಬರ್ 10ರಂದು ವಿಧಾನ ಪರಿಷತ್ತನ್ನು ಸಭಾಪತಿಯವರು ಅನಿರ್ದಿಷ್ಟಾವಧಿಗೆ ಮುಂದೂಡಿದರು. ಸಭಾಪತಿಯವರ ಮೇಲೆಯೇ ಅವಿಶ್ವಾಸದ ಸೂಚನೆ ಇತ್ತು. ವಿಧಾನಸಭೆ ಒಪ್ಪಿದ್ದ ಗೋಹತ್ಯೆ ನಿಷೇಧ ಮಸೂದೆ ಪರಿಷತ್ತಿನ ಮುಂದೆ ಬರಬೇಕಿತ್ತು. ಅನಿರ್ದಿಷ್ಟಾವಧಿಗೆ ಎದ್ದರೂ ಅಧಿವೇಶನ ಮುಕ್ತಾಯವಾಗಿರಲಿಲ್ಲ. ಮುಕ್ತಾಯ ಮಾಡುವುದು ರಾಜ್ಯಪಾಲರು, ಅದಾದ ಮೇಲೆ ಕರೆಯಬೇಕಾದವರೂ ಅವರೇ. ಅಲ್ಲಿಯವರೆಗೆ ಸದನವನ್ನು ಪುನಃ ಕೂಡಿಸಲು ಸಭಾಪತಿಯವರಿಗೆ ದಾರಿಯಿರುತ್ತದೆ. ಹಾಗೆ ಡಿಸೆಂಬರ್ 15ರಂದು ಪರಿಷತ್ತು ಮತ್ತೆ ಸೇರಿತು. ಗಂಟೆ ಬಾರಿಸುತ್ತಿರುವಾಗಲೇ ಉಪಸಭಾಪತಿ ಎಸ್.ಎಲ್. ಧರ್ಮೇಗೌಡರು ಪೀಠದಲ್ಲಿ ಕೂತರು. ಅವರನ್ನು ಪೀಠದಿಂದ ಎಳೆದು ಇಳಿಸಿದರು. ಸಭಾಪತಿಯವರು ಬಂದು ಸದನವನ್ನು ಮತ್ತೊಮ್ಮೆ ಅನಿರ್ದಿಷ್ಟಾವಧಿಗೆ ಮುಂದೂಡಿದರು. ಮಸೂದೆಯ ವಿಷಯ 2021ರ ಜನವರಿಯಲ್ಲಿ ಸುಗ್ರೀವಾಜ್ಞೆಯಾಗಿ ಬಂತು. ಧರ್ಮೇಗೌಡರು ಸಖರಾಯಪಟ್ಟಣದ ಕಡೆಯವರು, ಬೀರೂರು ಕ್ಷೇತ್ರದ ಶಾಸಕರಾಗಿದ್ದವರು, ಈ ಸೀಮೆಯ ಎಷ್ಟೋ ಜನರಿಗೆ ಮುಖಪರಿಚಯವಿದ್ದವರು. ಆ ತಿಂಗಳು ಮುಗಿಯುವ ಮುನ್ನವೇ ಅವರು ತೀರಿಕೊಂಡರು. ಸಾವಿನ ಕಾರಣಗಳನ್ನು ಕೆದಕುವುದು ನಮ್ಮ ಕೆಲಸವಲ್ಲ. ಆದರೆ ಪೀಠದ ಮೇಲಿನ ಆ ಜಗ್ಗಾಟಕ್ಕೆ ನೆಲ ಸಿದ್ಧವಾದದ್ದು ಐದು ದಿನ ಮೊದಲು, ದಿನ ಹೇಳದೆ ಸದನ ಎದ್ದಾಗ. ಮತ್ತೆ ಕೂಡುವುದು ಯಾವತ್ತು ಎಂಬುದು ಗೊತ್ತಿಲ್ಲದಾಗ, ಕೂಡುವ ಹಕ್ಕು ಯಾರದು ಎಂಬ ಜಗಳ ತಾನಾಗಿ ಹುಟ್ಟುತ್ತದೆ.

ಸಭೆಯನ್ನು ನಿಲ್ಲಿಸುವುದರಲ್ಲಿ ಕೆಡುಕೇ ಇದೆಯೆಂದು ನನ್ನ ಮಾತಿನಿಂದ ತೋರಿದರೆ ಅದನ್ನು ತಿದ್ದಬೇಕು. ನಮ್ಮ ಶಾಸನಸಭೆಯಲ್ಲಿ 'ನಿಲುವಳಿ ಸೂಚನೆ' ಎಂಬುದೊಂದಿದೆ. ಒಳ್ಳೆಯ ಕನ್ನಡ ಮಾತು. ಪಟ್ಟಿಯಲ್ಲಿರುವ ಕೆಲಸವನ್ನೆಲ್ಲ ಬದಿಗಿಟ್ಟು ಜನರನ್ನು ತಟ್ಟಿರುವ ತುರ್ತು ವಿಷಯವನ್ನು ಮೊದಲು ಚರ್ಚಿಸೋಣ ಎಂದು ಸದಸ್ಯರು ಕೇಳುವ ಸಾಧನ ಅದು. ನಿಯಮ 60ರ ಅಡಿ ಕೇಳಿದ್ದನ್ನು ಸ್ಪೀಕರ್ ನಿಯಮ 69ಕ್ಕೆ ಬದಲಾಯಿಸಿ ಚರ್ಚೆಗೆ ಬಿಡುವುದು ವಾಡಿಕೆಯಾಗಿರುವುದರಿಂದ ಅದರ ಹರಿತ ಕಡಿಮೆಯಾಗಿದೆ, ನಿಜ. ಆದರೂ ಸರ್ಕಾರದ ಹೊತ್ತನ್ನು ತಡೆದು ಜನರ ಹೊತ್ತನ್ನು ಸದನಕ್ಕೆ ತರುವ ಆಲೋಚನೆ ಅದರಲ್ಲಿದೆ. ಬರಗಾಲ ಬಂದಾಗ ಕಡೂರಿನ ಕುಡಿಯುವ ನೀರಿನ ಮಾತು ವಿಧಾನಸೌಧಕ್ಕೆ ಹೋಗಬೇಕಾದ ದಾರಿಗಳಲ್ಲಿ ಅದೂ ಒಂದು. ಹಾಗೆಯೇ ಊರ ಸಭೆಯಲ್ಲಿ ಮಾತು ಬಿಸಿಯಾದಾಗ, ಲೆಕ್ಕಪತ್ರ ಪೂರ್ತಿ ಬಂದಿಲ್ಲದಾಗ, ಹೆಂಗಸರು ಮಾತಾಡುವ ಮುನ್ನವೇ ಕತ್ತಲಾದಾಗ ಸಭೆಯನ್ನು ನಿಲ್ಲಿಸುವುದು ಒಳ್ಳೆಯ ಅಧ್ಯಕ್ಷರ ಲಕ್ಷಣ. ಭದ್ರಾ ನಾಲೆಗೆ ನೀರು ನಿಲ್ಲಿಸುವಾಗ ಮತ್ತೆ ಯಾವತ್ತು ಬಿಡುತ್ತೇವೆಂದು ಹೇಳಿದರೆ ತರೀಕೆರೆಯ ರೈತ ಅದಕ್ಕೆ ತಕ್ಕಂತೆ ಬೆಳೆ ನೋಡಿಕೊಳ್ಳುತ್ತಾನೆ. ಸಭೆಯೂ ಹಾಗೆಯೇ, ನಿಂತದ್ದಕ್ಕೆ ಯಾರೂ ಬೇಸರಪಡುವುದಿಲ್ಲ, ಯಾವಾಗ ಎಂದು ತಿಳಿಯದಿದ್ದರೆ ಮಾತ್ರ ನಂಬಿಕೆ ಹೋಗುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೂ ದೊಡ್ಡದೊಂದು ಮುಂದೂಡಿಕೆಯ ಬಗ್ಗೆ ಸುಮ್ಮನಿದ್ದರೆ ನನ್ನ ವಾದಕ್ಕೆ ನಾನೇ ಬೆನ್ನು ತೋರಿಸಿದಂತೆ. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವುಗಳ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎನ್ನುತ್ತ ವರ್ಷಗಳೇ ಕಳೆದವು, ಚುನಾವಣೆ ಬರಲಿಲ್ಲ. ಐದು ವರ್ಷಕ್ಕಿಂತ ಹೆಚ್ಚು ಮುಂದುವರಿಯುವಂತಿಲ್ಲ, ಅವಧಿ ಮುಗಿಯುವ ಮುನ್ನ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. 2017ರ ಬಜೆಟ್ಟಿನಲ್ಲಿ ಹೊಸ ತಾಲ್ಲೂಕುಗಳನ್ನು ಘೋಷಿಸಿದಾಗ ತರೀಕೆರೆಯಿಂದ ಬೇರೆಯಾದ ಅಜ್ಜಂಪುರದ ಮತದಾರರು, ತಮ್ಮದು ತಾಲ್ಲೂಕಾದ ಬಳಿಕ 2021ರಲ್ಲಿ ತಮ್ಮ ತಾಲ್ಲೂಕು ಪಂಚಾಯಿತಿಗೆ ಮೊದಲ ಸಲ ಮತ ಹಾಕಬೇಕಿತ್ತು. ಚುನಾಯಿತರಿಲ್ಲದ ಕಡೆ ಅಧಿಕಾರಿಗಳು ಆಡಳಿತ ನಡೆಸುತ್ತಾರೆ, ಕೆಲಸವೂ ಆಗುತ್ತಿರಬಹುದು. ಆದರೆ ಪ್ರಶ್ನೆ ಕೇಳುವ ಸಭೆ ಅಲ್ಲಿ ಕೂಡುವುದಿಲ್ಲ. ಇದಕ್ಕೆ ಯಾರೂ ಅನಿರ್ದಿಷ್ಟಾವಧಿ ಎಂಬ ಮಾತನ್ನು ಬಳಸಲಿಲ್ಲ. ಬಳಸಬೇಕಿತ್ತು.

ಸಭಿಕರೆ, ನಿಮ್ಮಲ್ಲಿ ಅನೇಕರು ಯಾವುದಾದರೂ ಒಂದು ಸಂಘದ, ಸಮಿತಿಯ, ಪಂಚಾಯಿತಿಯ ಸದಸ್ಯರು. ಮುಂದಿನ ಸಲ ನಿಮ್ಮ ಸಭೆ ಅರ್ಧಕ್ಕೆ ನಿಂತಾಗ ಕುರ್ಚಿ ಬಿಟ್ಟು ಏಳುವ ಮುನ್ನ ಮೂರು ಪ್ರಶ್ನೆ ಕೇಳಿ. ಮತ್ತೆ ಯಾವತ್ತು, ಎಷ್ಟು ಹೊತ್ತಿಗೆ, ಎಲ್ಲಿ? ಉಳಿದ ವಿಷಯಗಳು ಯಾವುವು? ನಿಲ್ಲಿಸಿದ್ದು ಯಾವ ಕಾರಣಕ್ಕೆ, ಯಾರ ಒಪ್ಪಿಗೆಯಿಂದ? ಉತ್ತರವನ್ನು ಪಿಡಿಒ ಅಥವಾ ಕಾರ್ಯದರ್ಶಿಯವರು ಅಲ್ಲೇ ನಡವಳಿ ಪುಸ್ತಕದಲ್ಲಿ ಬರೆಯಲಿ, ಬರೆದದ್ದನ್ನು ಗಟ್ಟಿಯಾಗಿ ಓದಲಿ. 'ಮುಂದೂಡಲಾಯಿತು' ಎಂದು ಬರೆದು ದಿನಾಂಕದ ಜಾಗ ಖಾಲಿ ಬಿಟ್ಟಿದ್ದರೆ ದಯವಿಟ್ಟು ಬರೆಸಿ, ಆಮೇಲೆ ಏಳಿ.